ಬಾಗಿಲ ಹಿಂದಿನ ಹಾಳೆ

ಮನೆಯಲ್ಲಿ ಅವಳನ್ನು ಸೂಜಿ ಎಂದು ಕರೆಯುತ್ತಿದ್ದರು. ಹೆಸರಿಟ್ಟವಳು ಸೋದರತ್ತೆ. ಹುಡುಗಿ ಕಡ್ಡಿಯ ಹಾಗಿದ್ದಾಳೆ, ಅದಕ್ಕೆ ಆ ಹೆಸರು ಎಂದು ನೆಂಟರು ತಿಳಿದಿದ್ದರು. ಅತ್ತೆಯ ಕಾರಣ ಬೇರೆ. ಆರು ವರ್ಷದವಳಿದ್ದಾಗ ಪಕ್ಕದ ಮನೆಯ ಹುಡುಗಿಯೊಬ್ಬಳು ಇವಳ ಬಣ್ಣದ ಪೆನ್ಸಿಲು ಮುರಿದಳು. ಇವಳು ಅಳಲಿಲ್ಲ, ಜಗಳವಾಡಲಿಲ್ಲ. ಎರಡು ತಿಂಗಳು ಕಾದು, ಎಲ್ಲರೂ ಮರೆತ ಮೇಲೆ, ಆ ಹುಡುಗಿಯ ಪರೀಕ್ಷೆಯ ಹಿಂದಿನ ದಿನ ಅವಳ ಹನ್ನೆರಡೂ ಪೆನ್ಸಿಲುಗಳ ಮೊನೆ ಮುರಿದು, ಮತ್ತೆ ಡಬ್ಬಿಯಲ್ಲಿ ಬಣ್ಣದ ಕ್ರಮದಲ್ಲೇ ಜೋಡಿಸಿಟ್ಟಳು. ಅಪ್ಪ ಹೊಡೆಯಲು ಕೈ ಎತ್ತಿದಾಗ ಅತ್ತೆ ಅಡ್ಡ ಬಂದಳು. "ಹೊಡೆಯೋದು ಆಮೇಲೆ. ಮೊದಲು ಎಷ್ಟು ಚೆನ್ನಾಗಿ ಜೋಡಿಸಿದಾಳೆ ನೋಡು," ಎಂದಳು.

ಆದದ್ದನ್ನು ಹೊಟ್ಟೆಗೆ ಹಾಕಿಕೊಳ್ಳುವ ಜಾಯಮಾನ ಆ ಮನೆಯ ಹೆಂಗಸರದಲ್ಲ. ಟೈಪಿಂಗ್ ಕ್ಲಾಸು ನಡೆಸುತ್ತಿದ್ದ ಈ ಅತ್ತೆ, ಬಟ್ಟೆ ಅಂಗಡಿಯವನೊಬ್ಬ ಒಮ್ಮೆ "ಬರೀ ನೋಡೋದಾದ್ರೆ ಹೊರಗಿಂದಲೇ ನೋಡಿಮ್ಮ" ಎಂದನೆಂದು ಇಪ್ಪತ್ತೆರಡು ವರ್ಷ ಆ ಅಂಗಡಿಯ ಮುಂದಿನ ರಸ್ತೆಯಲ್ಲೇ ನಡೆದಿರಲಿಲ್ಲ. ಬಸ್ ಸ್ಟ್ಯಾಂಡಿಗೆ ಸುತ್ತು ಹಾಕಿಕೊಂಡು ಹೋಗುತ್ತಿದ್ದಳು. ಸೂಜಿ ಪದವಿ ಮುಗಿಸಿ, ನಾಲ್ಕು ವಾರದ ತರಬೇತಿ ಪಡೆದು, ಹೊರದೇಶದ ಖಾಸಗಿ ಸಂಸ್ಥೆಯೊಂದರಲ್ಲಿ ಇಂಗ್ಲಿಷ್ ಕಲಿಸುವ ಕೆಲಸ ಹಿಡಿದಾಗ ದೊಡ್ಡಪ್ಪ ಮೂಗು ಮುರಿದು, ಮೂರು ತಿಂಗಳಲ್ಲಿ ಸೂಟ್‌ಕೇಸು ಎಳೆದುಕೊಂಡು ವಾಪಸ್ಸು ಬರುತ್ತಾಳೆ ಎಂದರು. ಮೂರು ತಿಂಗಳು ಎಂದದ್ದನ್ನು ಅತ್ತೆ ಮನಸ್ಸಿನಲ್ಲಿ ಬರೆದಿಟ್ಟುಕೊಂಡಳು. ಸೂಜಿಯೂ ಬರೆದಿಟ್ಟುಕೊಂಡಳು.

ವಿಮಾನ ನಿಲ್ದಾಣಕ್ಕೆ ಬಂದು ಅವಳನ್ನು ಕರೆದೊಯ್ದವರು ಸಂಸ್ಥೆಯ ಹಿರಿಯ ಮೇಷ್ಟ್ರು. ಹದಿನೈದು ವರ್ಷದಿಂದ ಅಲ್ಲೇ ಇದ್ದವರು. ಅವಳ ಕೈಯಿಂದ ಸೂಟ್‌ಕೇಸು ತೆಗೆದುಕೊಳ್ಳುತ್ತ ಅವಳದೇ ಭಾಷೆಯಲ್ಲಿ ಮಾತಾಡಿದರು. "ಸರ್ ಗಿರ್ ಏನೂ ಬೇಡ. ಅಣ್ಣ ಅನ್ನು. ನನಗೂ ತಂಗಿ ಅಂತ ಯಾರೂ ಇರಲಿಲ್ಲ." ಇಪ್ಪತ್ತೆರಡು ವರ್ಷದ ಹುಡುಗಿಗೆ, ಸುತ್ತ ಒಂದು ಅಕ್ಷರವೂ ಓದಲು ಬಾರದ ಊರಿನಲ್ಲಿ, ಆ ಮಾತು ಕಿವಿಗೆ ಎಷ್ಟು ಹಿತವಾಗಿತ್ತೆಂದು ಬೇರೆ ಹೇಳಬೇಕಿಲ್ಲ. ಮೇಷ್ಟ್ರು ಕೋಣೆ ಹುಡುಕಿಕೊಟ್ಟರು. ಬಿಸಿನೀರಿನ ಗುಂಡಿ ಯಾವುದು, ಯಾವ ಬಸ್ಸಿಗೆ ಹಿಂದಿನ ಬಾಗಿಲಿನಿಂದ ಹತ್ತಬೇಕು ಎಂದು ತೋರಿಸಿಕೊಟ್ಟರು. ಅವಳಿಗೆ ಜ್ವರ ಬಂದ ದಿನ ಮಾತ್ರೆ ತಂದುಕೊಟ್ಟರು. ಉಪಕಾರ ನಿಜವಾದದ್ದೇ. ಅದನ್ನು ಸೂಜಿ ಇವತ್ತಿಗೂ ಇಲ್ಲವೆನ್ನುವುದಿಲ್ಲ.

ಕೋಣೆ ಒಂದು ಲಾಂಡ್ರಿಯ ಮೇಲಿತ್ತು. ಕೆಳಗೆ ಯಂತ್ರಗಳು ತಿರುಗುವಾಗ ಲೋಟದಲ್ಲಿಟ್ಟ ಚಮಚ ಟಿಣಿಟಿಣಿ ಎನ್ನುತ್ತಿತ್ತು. ಕಿಟಕಿ ತೆಗೆದರೆ ಒಂದು ಮೊಳ ದೂರದಲ್ಲಿ ಪಕ್ಕದ ಕಟ್ಟಡದ ಗೋಡೆ. ಸಂಸ್ಥೆ ಅಲ್ಲಿಂದ ಎರಡು ಬೀದಿ ಆಚೆ, ಕನ್ನಡಕದ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ. ಮೂರು ತರಗತಿ, ಒಂದು ಆಫೀಸು. ಬರೆಯಲು ಒಂದೇ ಕೈ ಇರುವ ಕುರ್ಚಿಗಳು. ಎಷ್ಟು ಒರೆಸಿದರೂ ನಿನ್ನೆಯ ಅಕ್ಷರ ಮಾಸದೆ ಉಳಿಯುವ ಬಿಳಿ ಬೋರ್ಡುಗಳು. ಸಂಸ್ಥೆಯ ಒಡತಿ ಎಪ್ಪತ್ತು ದಾಟಿದವರು. ಹಿಂದೆ ನರ್ಸುಗಳ ತರಬೇತಿ ಶಾಲೆ ನಡೆಸಿದ್ದರು. ರೋಗಿಯ ಮಂಚದ ಬುಡದಲ್ಲಿ ಚಾರ್ಟು ನೇತುಹಾಕುವ ಅಭ್ಯಾಸವನ್ನು ಇಂಗ್ಲಿಷ್ ಪಾಠಕ್ಕೂ ತಂದಿದ್ದರು. ಪ್ರತಿ ಪಾಠಯೋಜನೆಯನ್ನೂ ಒಂದು ಹಾಳೆಯಲ್ಲಿ ಸಾಲುಸಾಲಾಗಿ ಬರೆದು, ಹಿಂದಿನ ದಿನವೇ ಅವರ ಸಹಿ ಹಾಕಿಸಿ, ತರಗತಿಯ ಬಾಗಿಲ ಹಿಂದಿನ ಮೊಳೆಗೆ ತೂಗುಹಾಕಬೇಕು. ಒಡತಿ ಯಾವ ಗಳಿಗೆಯಲ್ಲಾದರೂ ಒಳಗೆ ಬಂದು, ಆ ಹಾಳೆಯನ್ನು ಕೈಗೆ ತೆಗೆದುಕೊಂಡು, ಹಿಂದಿನ ಕುರ್ಚಿಯಲ್ಲಿ ಕೂರುತ್ತಿದ್ದರು. ಬರೆದ ಸಾಲು ಬರೆದಂತೆ ನಡೆದರೆ ಒಂದು ಸರಿ ಗುರುತು, ಬಿಟ್ಟುಹೋದರೆ ಕೆಂಪು ಗೆರೆ. ಸಹಿಯಾದ ಮೇಲೆ ಸಾಲು ಬದಲಾಯಿಸುವಂತಿರಲಿಲ್ಲ.

ಸೂಜಿ ತನ್ನ ಮೊದಲ ಪಾಠಕ್ಕೆ ಮೂರು ದಿನ ತಯಾರಿ ಮಾಡಿಕೊಂಡಳು. ಐವತ್ತು ನಿಮಿಷಕ್ಕೆಂದು ಬರೆದದ್ದು ಹನ್ನೊಂದು ನಿಮಿಷಕ್ಕೆ ಮುಗಿಯಿತು. ಉಳಿದ ಮೂವತ್ತೊಂಬತ್ತು ನಿಮಿಷ ಎದುರಿಗೆ ಹನ್ನೆರಡು ಜನ, ಎಲ್ಲರೂ ಅವಳಿಗಿಂತ ದೊಡ್ಡವರು, ಬಾಯಿ ಮುಚ್ಚಿಕೊಂಡು ಅವಳನ್ನೇ ನೋಡುತ್ತಿದ್ದರು. ಕೊನೆಗೆ ಬೇರೆ ದಾರಿ ಕಾಣದೆ, ನಿಮ್ಮ ಕೆಲಸ ಏನು, ಬೆಳಿಗ್ಗೆ ಎದ್ದು ಮೊದಲು ಏನು ಮಾಡುತ್ತೀರಿ ಎಂದು ಒಬ್ಬೊಬ್ಬರನ್ನೇ ಕೇಳಿದಳು. ಅವರು ತಡವರಿಸುತ್ತ ಹೇಳಿದರು. ಹೇಳಿದ್ದನ್ನೆಲ್ಲ ಬರೆದುಕೊಂಡಳು. ಮಾರನೆಯ ದಿನ ಅದರಿಂದಲೇ ಪಾಠ ಮಾಡಿದಳು. ಹೀಗೆ ಅವಳ ನೋಟ್‌ಬುಕ್ಕಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಪುಟ ಹುಟ್ಟಿಕೊಂಡಿತು. ಕಲಿಸುವುದು ಹೇಗೆಂದು ಅವಳಿಗೆ ತಿಳಿದದ್ದು ಆ ಮೂವತ್ತೊಂಬತ್ತು ನಿಮಿಷದಲ್ಲಿ.

ಎರಡನೆಯ ವಾರ ಹಿರಿಯ ಮೇಷ್ಟ್ರು ಆಗಷ್ಟೇ ಹೊಸದಾಗಿ ಶುರುವಾಗಬೇಕಿದ್ದ ತಮ್ಮ ಬೆಳಗಿನ ಆರೂವರೆಯ ತರಗತಿಯನ್ನು ಒಂದು ದಿನದ ಮಟ್ಟಿಗೆ ನೋಡಿಕೊಳ್ಳುವಂತೆ ಕೇಳಿಕೊಂಡರು. ಬೆನ್ನುನೋವು. ಒಂದು ದಿನ ಎಂಬುದು ಒಂದು ವಾರವಾಯಿತು, ವಾರ ಹೋಗಿ ಎರಡು ತಿಂಗಳಾಯಿತು. ಒಡತಿ ಒಂಬತ್ತಕ್ಕೆ ಮುಂಚೆ ಬರುವವರಲ್ಲವಾದ್ದರಿಂದ ಯಾರಿಗೂ ತಿಳಿಯಲಿಲ್ಲ. ರಿಜಿಸ್ಟರಿನಲ್ಲಿ ಆ ತರಗತಿ ಮೇಷ್ಟ್ರದ್ದೇ. ಅದರಲ್ಲಿ ಹದಿನಾಲ್ಕು ಜನ ಇದ್ದರು: ಒಬ್ಬ ಕ್ಷೌರಿಕ, ಒಬ್ಬ ಟ್ಯಾಕ್ಸಿ ಡ್ರೈವರು, ಆಸ್ಪತ್ರೆಯಲ್ಲಿ ನೆಲ ಒರೆಸುವ ಐವತ್ತು ವರ್ಷದ ಒಬ್ಬ ಹೆಂಗಸು, ಉಳಿದವರು ಹೊಲಿಗೆ ಕಾರ್ಖಾನೆಯವರು. ಎಲ್ಲರೂ ಕೆಲಸಕ್ಕೆ ಹೋಗುವ ದಾರಿಯಲ್ಲಿ ಬಂದು ಕಲಿಯುವವರು. ಪ್ರತಿ ಗುರುವಾರ ಒಬ್ಬೊಬ್ಬರೂ ಎದ್ದುನಿಂತು ಆ ವಾರ ತಮಗೆ ಏನಾಯಿತೆಂದು ಮೂರು ವಾಕ್ಯ ಹೇಳಬೇಕೆಂದು ಸೂಜಿ ನಿಯಮ ಮಾಡಿದ್ದಳು. ಡ್ರೈವರಿಗೆ ಆ ಮೂರು ವಾಕ್ಯ ಯಾವತ್ತೂ ಸಾಲುತ್ತಿರಲಿಲ್ಲ.

ಆಮೇಲೆ ಮೇಷ್ಟ್ರು ತಮ್ಮ ಉಳಿದ ಪಾಠಯೋಜನೆಗಳನ್ನೂ ಅವಳ ಕೈಲೇ ಬರೆಸತೊಡಗಿದರು. ನಿನ್ನ ಕೈ ಪಳಗಲಿ ತಂಗಿ ಎಂದು ಬೆಣ್ಣೆ ಹಚ್ಚಿದರು. ಅಣ್ಣ ಎಂದು ಕರೆದಾಗಿತ್ತು. ಆಗುವುದಿಲ್ಲ ಎನ್ನಲು ಅವಳಿಗೆ ಬಾಯಿ ಬರಲಿಲ್ಲ. ಆಫೀಸಿನ ಗುಮಾಸ್ತೆ ಅವುಗಳನ್ನು ಟೈಪು ಮಾಡಿ, ಕೆಳಗೆ ಮೇಷ್ಟ್ರ ಹೆಸರು ಹಾಕುತ್ತಿದ್ದಳು. ಇಷ್ಟು ಒಳ್ಳೆಯ ಯೋಜನೆ ಈ ವರ್ಷ ಯಾರೂ ಬರೆದಿಲ್ಲವೆಂದು ಒಡತಿ ಎಲ್ಲರೆದುರು ಹೇಳಿದ ದಿನ ಮೇಷ್ಟ್ರು ತಲೆ ತಗ್ಗಿಸಿ ನಕ್ಕರು. ಸೂಜಿಯ ಕಡೆ ನೋಡಲಿಲ್ಲ.

ಮೂರು ತಿಂಗಳು ತುಂಬುವ ಹೊತ್ತಿಗೆ ಗುಮಾಸ್ತೆ ಅವಳನ್ನು ಕರೆದು ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡಳು. ಪರೀಕ್ಷಾವಧಿಯ ವರದಿ. ಬರೆದವರು ಹಿರಿಯ ಮೇಷ್ಟ್ರು. ಅದರಲ್ಲಿದ್ದದ್ದು ಮೂರೇ ಸಾಲು: ಪಾಠದ ತಯಾರಿ ಸಾಲದು. ವಿದ್ಯಾರ್ಥಿಗಳೊಂದಿಗೆ ಬೆರೆಯುವುದಿಲ್ಲ. ಇನ್ನು ಮೂರು ತಿಂಗಳು ನೋಡಿ ತೀರ್ಮಾನಿಸಬಹುದು.

ಆ ಮೂರು ಸಾಲನ್ನು ಓದಿಯೇ ಅವಳು ಸಹಿ ಹಾಕಿದಳು. ಹಾಗೆ ಬರೆದ ಕಾರಣ ತಿಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ವರದಿ ಚೆನ್ನಾಗಿದ್ದರೆ ಕೆಲಸ ಕಾಯಂ ಆಗಿ ಅವಳಿಗೆ ಅವಳದೇ ತರಗತಿಗಳು ಸಿಗುತ್ತಿದ್ದವು. ಆಗ ಮೇಷ್ಟ್ರು ಬೆಳಗಿನ ಐದಕ್ಕೆ ತಾವೇ ಏಳಬೇಕಾಗುತ್ತಿತ್ತು. ಎರಡನೆಯ ವರದಿಯೂ ಹೀಗೇ ಬಂದರೆ ಅವಳ ವೀಸಾ ಅಲ್ಲಿಗೆ ಮುಗಿಯುತ್ತಿತ್ತು. ದೊಡ್ಡಪ್ಪ ಹೇಳಿದ ಸೂಟ್‌ಕೇಸು ಕಣ್ಣಮುಂದೆ ಬಂತು.

ಕೇಳಿಯೇ ಬಿಡೋಣವೆಂದು ಹೋದಳು. ಮೇಷ್ಟ್ರು ಟೀ ಕಲಕುತ್ತ, ಬೇಸರ ಮಾಡಿಕೊಳ್ಳಬೇಡ, ಮೊದಲ ಸಲ ಎಲ್ಲರಿಗೂ ಹೀಗೇ ಬರೆಯುವುದು ಎಂದರು. ಅವಳು ಹೋಗದೆ ನಿಂತೇ ಇದ್ದದ್ದು ಕಂಡು ಚಮಚ ಕೆಳಗಿಟ್ಟರು.

"ನೋಡು ತಂಗಿ, ನಿನ್ನನ್ನ ಇಲ್ಲಿ ಕೈ ಹಿಡಿದು ನಡೆಸಿದೋನು ನಾನು. ಅಣ್ಣ ಒಂದು ಮಾತು ಬರೆದ ಅಂತ ಮುಖ ಊದಿಸ್ಕೊಂಡು ಬರ್ತಾರಾ?"

ಅವಳು ಹೊರಗೆ ಬಂದು ಅತ್ತೆಗೆ ಫೋನು ಮಾಡಿದಳು. ಅತ್ತೆ ಎಲ್ಲವನ್ನೂ ಕೇಳಿಸಿಕೊಂಡಳು. ಹಿಂದೆ ಟೈಪಿಂಗ್ ಯಂತ್ರಗಳ ಸದ್ದು ಕೇಳುತ್ತಿತ್ತು.

"ಒಡತಿ ಹತ್ರ ಹೋಗಿ ಹೇಳಿಬಿಡಲಾ ಅತ್ತೆ?"

"ಹೇಳಿ? ಅವನು ಹದಿನೈದು ವರ್ಷದೋನು, ನೀನು ಮೊನ್ನೆ ಬಂದೋಳು. ನಿನ್ನ ಮಾತು ಯಾರು ಕೇಳ್ತಾರೆ?"

"ಮತ್ತೆ ಸುಮ್ಮನಿರಲಾ?"

"ಸುಮ್ಮನೆ ಇರು. ಬಿಡಬೇಡ," ಎಂದಳು ಅತ್ತೆ. "ಊಟ ಸರಿಯಾಗಿ ಮಾಡು. ಹೊಟ್ಟೆ ಹಸಿದಿದ್ರೆ ಯೋಚನೆ ಓಡಲ್ಲ," ಎಂದು ಸೇರಿಸಿದಳು.

ಸೂಜಿ ಸುಮ್ಮನಿದ್ದಳು. ಮೊದಲಿಗಿಂತ ಹೆಚ್ಚು ನಯವಾಗಿ ಅಣ್ಣ ಎಂದಳು, ಮೊದಲಿಗಿಂತ ಚೆನ್ನಾಗಿ ಯೋಜನೆ ಬರೆದುಕೊಟ್ಟಳು. ತಮ್ಮ ಮಾತು ನಾಟಿತು ಎಂದುಕೊಂಡರು ಮೇಷ್ಟ್ರು.

ಆರು ವಾರ ಕಳೆಯಿತು. ನಗರದ ಇನ್ನೊಂದು ಮೂಲೆಯಲ್ಲಿ ಹೊಸ ಶಾಖೆ ತೆರೆಯುವುದೆಂದು ತೀರ್ಮಾನವಾಯಿತು. ಅದಕ್ಕೊಬ್ಬ ಮುಖ್ಯಸ್ಥ ಬೇಕು. ಆಸೆಯಿದ್ದವರು ತಮ್ಮ ತಮ್ಮ ತರಗತಿಯಲ್ಲೇ ಒಡತಿಯ ಎದುರು ಒಂದು ಪಾಠ ಮಾಡಿ ತೋರಿಸಬೇಕು. ಬೇರೆ ಶಾಖೆಗಳಿಂದ ಇಬ್ಬರು ನೋಡಲು ಬರುತ್ತಾರೆ. ಮೇಷ್ಟ್ರ ತರಗತಿಗೆ ಸೋಮವಾರ ಬೆಳಿಗ್ಗೆ ಆರೂವರೆ ನಿಗದಿಯಾಯಿತು. ಅವರು ಸೂಜಿಯನ್ನು ಪಕ್ಕಕ್ಕೆ ಕರೆದು ಒಂದು ಒಳ್ಳೆಯ ಯೋಜನೆ ಬೇಕೆಂದರು. ಈ ಕೆಲಸ ಆದರೆ ಎರಡನೆಯ ವರದಿಯಲ್ಲಿ ಅವಳನ್ನು ಆಕಾಶಕ್ಕೆ ಏರಿಸುವುದಾಗಿ ಮಾತು ಕೊಟ್ಟರು. ಅವಳು ಆಗಲಿ ಅಣ್ಣ ಎಂದಳು.

ಬುಧವಾರ ಮಧ್ಯಾಹ್ನ ಕೂತು ಆ ಯೋಜನೆ ಬರೆದಳು. ಜೀವಮಾನದಲ್ಲಿ ಅವಳು ಬರೆದ ಅತ್ಯುತ್ತಮ ಯೋಜನೆ ಅದೇ. ಅದರಲ್ಲಿ ಮುಖ್ಯವಾದವು ಎರಡು ಸಾಲು. ಮೊದಲ ಹದಿನೈದು ನಿಮಿಷ ವಿದ್ಯಾರ್ಥಿಗಳು ಶಿಕ್ಷಕರ ಕೆಲಸದ ಬಗ್ಗೆ ಪ್ರಶ್ನೆ ಕೇಳುತ್ತಾರೆ: ಇವತ್ತಿನ ಪಾಠವನ್ನು ಹೇಗೆ ತಯಾರಿಸಿದಿರಿ, ಮೊದಲು ಏನು ಮಾಡಿದಿರಿ, ಯಾಕೆ. ಶಿಕ್ಷಕರು ವಿವರವಾಗಿ ಉತ್ತರಿಸುತ್ತಾರೆ. ಮುಂದಿನ ಹದಿನೈದು ನಿಮಿಷ ಶಿಕ್ಷಕರು ಪ್ರತಿಯೊಬ್ಬರನ್ನೂ ಹೆಸರು ಹಿಡಿದು ಕರೆದು, ಗುರುವಾರ ಅವರು ಹೇಳಿದ ಸುದ್ದಿ ಮುಂದೆ ಏನಾಯಿತೆಂದು ವಿಚಾರಿಸುತ್ತಾರೆ. ಆ ತರಗತಿಗೆ ಒಂದು ವಾರ ಪಾಠ ಮಾಡಿದವರಿಗೂ ಇದರಲ್ಲಿ ಕಷ್ಟವಾದದ್ದು ಏನೂ ಇರಲಿಲ್ಲ. ಸುಳ್ಳಿಲ್ಲ, ಮೋಸವಿಲ್ಲ. ವಿದ್ಯಾರ್ಥಿಗಳಿಗೂ ಅವಳು ಒಂದು ಮಾತು ಹೇಳಿಕೊಡಲಿಲ್ಲ.

ಮೇಷ್ಟ್ರು ಹಾಳೆಯ ಮೇಲೆ ಕಣ್ಣಾಡಿಸಿ, "ಇಷ್ಟೇನಾ? ಅವರು ನನ್ನ ಕೇಳೋದು, ನಾನು ಅವರನ್ನ ಕೇಳೋದು. ಹರಟೆ ಹೊಡೆದ ಹಾಗೆ ಮುಗಿಯುತ್ತೆ. ಭೇಷ್," ಎಂದು ಸಹಿಗೆ ಕಳಿಸಿದರು.

ಗುರುವಾರ ಬಂತು. ಎಂದಿನಂತೆ ಒಬ್ಬೊಬ್ಬರೂ ಎದ್ದು ತಮ್ಮ ಮೂರು ವಾಕ್ಯ ಹೇಳಿದರು. ನೆಲ ಒರೆಸುವ ಹೆಂಗಸು ಕುರ್ಚಿಯ ಕೈ ಹಿಡಿದುಕೊಂಡು ಎದ್ದಳು. ಭಾನುವಾರ ನನ್ನ ಗಂಡ ತೀರಿಕೊಂಡ ಎಂದಳು. ಮನೆಯಲ್ಲಿ ಎಲ್ಲರೂ ಅಳುತ್ತಿದ್ದಾರೆ ಎಂದಳು. ಇಲ್ಲಿ ಯಾರೂ ಅಳುವುದಿಲ್ಲ, ಅದಕ್ಕೆ ಬಂದೆ ಎಂದು ಹೇಳಿ ಕೂತಳು. ಮೂರು ವಾಕ್ಯ ಸರಿಯಾಗಿ ಮುಗಿದಿತ್ತು. ಡ್ರೈವರು ಕೂಡ ತನ್ನ ಸರದಿಯಲ್ಲಿ ಒಂದೇ ವಾಕ್ಯ ಹೇಳಿದ.

ಸೂಜಿ ಆ ಸಂಗತಿಯನ್ನು ಆಕೆಯ ಪುಟದಲ್ಲಿ ಬರೆದುಕೊಂಡಳು. ಬಾಗಿಲ ಹಾಳೆಗೆ ಆಗಲೇ ಸಹಿ ಬಿದ್ದಿತ್ತು, ನಿಜ. ಆದರೆ ಮೇಷ್ಟ್ರಿಗೆ ಒಂದು ಮಾತು ಹೇಳಲು ಶುಕ್ರವಾರ ಇತ್ತು, ಶನಿವಾರ ಇತ್ತು. ಸೋಮವಾರ ಆಕೆ ಬರಲಿಕ್ಕಿಲ್ಲ ಎಂದು ಸೂಜಿ ತನಗೆ ತಾನೇ ಹೇಳಿಕೊಂಡಳು. ಸೋಮವಾರ ಬೆಳಿಗ್ಗೆ ಆರೂಕಾಲಿಗೆ ಮೆಟ್ಟಿಲ ಮೇಲೆ ಮೇಷ್ಟ್ರು ಎದುರಾದರು. ಹೊಸ ಟೈ, ಕೂದಲಿಗೆ ನೀರು ಹಚ್ಚಿ ಬಾಚಿದ್ದರು.

"ಇವರ ವಿಷಯದಲ್ಲಿ ನನಗೆ ಗೊತ್ತಿರಬೇಕಾದ್ದು ಏನಾದ್ರೂ ಇದೆಯಾ ತಂಗಿ?"

ಅವಳಿಗೆ ಅವಕಾಶ ಇದ್ದದ್ದು ಅಲ್ಲಿ. ಒಂದು ಮಾತು ಸಾಕಿತ್ತು. ಅಷ್ಟು ಹೊತ್ತಿಗೆ ನೆಲ ಒರೆಸುವ ಹೆಂಗಸು ಕೈಚೀಲ ಹಿಡಿದು ಅವರಿಬ್ಬರ ಪಕ್ಕದಲ್ಲೇ ಮೆಟ್ಟಿಲು ಹತ್ತಿ ಒಳಗೆ ಹೋದದ್ದನ್ನೂ ಸೂಜಿ ನೋಡಿದಳು. ಮೇಷ್ಟ್ರು ಪಕ್ಕಕ್ಕೆ ಸರಿದು ದಾರಿ ಬಿಟ್ಟರೇ ಹೊರತು ಆಕೆ ಯಾರೆಂದು ಅವರಿಗೆ ತಿಳಿಯಲಿಲ್ಲ.

"ಏನಿಲ್ಲ ಅಣ್ಣ," ಎಂದಳು.

ಒಡತಿ ಬಾಗಿಲ ಹಿಂದಿನ ಹಾಳೆ ತೆಗೆದುಕೊಂಡು ಹಿಂದೆ ಕೂತರು. ಎರಡೂ ಬದಿಗೆ ಇಬ್ಬರು ಅತಿಥಿಗಳು. ಕಾಗದ ಹಂಚಲೆಂದು ಸೂಜಿಯನ್ನೂ ಮೂಲೆಯಲ್ಲಿ ಕೂರಿಸಿದ್ದರು. ಹಂಚಿದ ಕಾಗದ ನೋಡಿಕೊಂಡು ಕ್ಷೌರಿಕ ಮೊದಲು ಎದ್ದು, ಈ ಪಾಠವನ್ನು ಹೇಗೆ ತಯಾರಿಸಿದಿರಿ ಎಂದು ಕೇಳಿದ. ಬಹಳ ಪುಸ್ತಕ ಓದಿದೆ ಎಂದರು ಮೇಷ್ಟ್ರು. ಯಾವ ಪುಸ್ತಕ ಎಂದು ಡ್ರೈವರು ಕೇಳಿದ. ಪ್ರಶ್ನೆ ಕೇಳುವುದೆಂದರೆ ಅವನಿಗೆ ಪ್ರಾಣ. ಮೇಷ್ಟ್ರು ಒಂದು ಹೆಸರು ಹೇಳಿದರು. ಅದನ್ನು ಎಷ್ಟು ದಿನ ಓದಿದಿರಿ, ಅದರಲ್ಲಿ ನಮ್ಮ ಬಗ್ಗೆ ಏನು ಬರೆದಿದೆ, ಮೊದಲ ಸಾಲು ಬಿಟ್ಟು ಎರಡನೆಯದನ್ನು ಯಾಕೆ ಮೊದಲು ಮಾಡಲಿಲ್ಲ ಎಂದು ಅವನು ಬಿಡದೆ ಕೇಳಿದ. ಅವನಲ್ಲಿ ಕೆಟ್ಟ ಎಣಿಕೆ ಎಳ್ಳಷ್ಟೂ ಇರಲಿಲ್ಲ. ಚೆನ್ನಾಗಿ ಕಲಿತಿದ್ದ, ಅಷ್ಟೇ. ಮೇಷ್ಟ್ರ ಹಣೆ ಒದ್ದೆಯಾಯಿತು. ಆದರೂ ನಕ್ಕು, ಗಡಿಯಾರ ನೋಡಿ, ಮುಂದಿನ ಸಾಲಿಗೆ ಬಂದರು. ಬಿಡುವಂತಿರಲಿಲ್ಲ. ಹಾಳೆ ಒಡತಿಯ ಕೈಯಲ್ಲಿತ್ತು.

ಹಾಜರಿ ಪಟ್ಟಿ ಹಿಡಿದು ಹೆಸರು ಕೂಗತೊಡಗಿದರು. ಯಾರು ಯಾವ ಕುರ್ಚಿಯಲ್ಲಿದ್ದಾರೆಂದು ತಿಳಿಯದೆ ಪ್ರತಿ ಸಲವೂ ಅವರ ಕಣ್ಣು ಕೋಣೆಯೆಲ್ಲ ಅಲೆದು ಬರುತ್ತಿತ್ತು. ಕೆಲಸ ಹೇಗಿದೆ ಎಂದು ಮೊದಲನೆಯವರನ್ನು ಕೇಳಿದರು, ಮಕ್ಕಳು ಹೇಗಿದ್ದಾರೆ ಎಂದು ಎರಡನೆಯವರನ್ನು. ಎರಡನೆಯ ಹುಡುಗಿಗೆ ಮದುವೆಯೇ ಆಗಿರಲಿಲ್ಲ. ಒಡತಿಯ ಪೆನ್ನು ಎರಡು ಸಲ ಕೆಂಪು ಗೆರೆ ಎಳೆಯಿತು. ಆರನೆಯ ಹೆಸರಿಗೆ ನೆಲ ಒರೆಸುವ ಹೆಂಗಸು ಎದ್ದು ನಿಂತಳು. ವಯಸ್ಸಾದವಳನ್ನು ಕಂಡು ಮೇಷ್ಟ್ರಿಗೆ ಧೈರ್ಯ ಬಂತು. ಮುಖ ತುಂಬ ನಕ್ಕು, ನಿಮ್ಮ ಗಂಡ ಚೆನ್ನಾಗಿದ್ದಾರಾ ಎಂದು ಕೇಳಿದರು.

ಯಾರೋ ಪೆನ್ನು ಕೆಳಗೆ ಬೀಳಿಸಿದರು. ಆಕೆ ಅವಸರಪಡಲಿಲ್ಲ. ಒಂದೊಂದೇ ಪದ ಆರಿಸಿ ಇಟ್ಟಳು.

"ನನ್ನ ಗಂಡ ಸತ್ತಿದ್ದಾನೆ. ಗುರುವಾರ ನಾನು ಇಲ್ಲಿ ಹೇಳಿದೆ. ನೀವು ಇಲ್ಲಿ ಇರಲಿಲ್ಲ. ನೀವು ಯಾವತ್ತೂ ಇಲ್ಲಿ ಇರಲಿಲ್ಲ. ನಮ್ಮ ಟೀಚರ್ ಅಲ್ಲಿ ಕೂತಿದ್ದಾಳೆ."

ಎಲ್ಲರೂ ಮೂಲೆಯ ಕಡೆ ತಿರುಗಿದರು. ಒಡತಿ ಪೆನ್ನಿಗೆ ಮುಚ್ಚಳ ಹಾಕಿ, ಹಾಳೆಯನ್ನು ನಾಲ್ಕು ಮಡಿಕೆ ಮಾಡಿ, ಕೈಚೀಲಕ್ಕೆ ಹಾಕಿಕೊಂಡರು. ಉಳಿದ ಇಪ್ಪತ್ತು ನಿಮಿಷದ ಪಾಠ ಮುಗಿಸು ಎಂದು ಸೂಜಿಗೆ ಕೈ ತೋರಿಸಿದರು. ಅವಳು ಮುಗಿಸಿದಳು. ನೋಟ್‌ಬುಕ್ಕು ತೆರೆಯಬೇಕಾಗಲಿಲ್ಲ.

ಪಾಠವಾದ ಮೇಲೆ ಆ ಹೆಂಗಸು ತನ್ನ ಕೈಚೀಲ ಎತ್ತಿಕೊಂಡು ಸೂಜಿಯ ಬಳಿ ಬಂದಳು. ಅವರಿಗೆ ಗೊತ್ತಿಲ್ಲ ಅನ್ನೋದು ನಿನಗೆ ಮೊದಲೇ ಗೊತ್ತಿತ್ತಾ ಎಂದು ಕೇಳಿದಳು. ಗೊತ್ತಿತ್ತು ಎಂದಳು ಸೂಜಿ. ಕ್ಷಮೆ ಕೇಳಲು ಬಾಯಿ ತೆರೆದಳು. ಆಕೆ ಕೈ ಎತ್ತಿ ತಡೆದಳು.

"ಮುಂದಿನ ಸಲ ನನಗೆ ಮೊದಲೇ ಹೇಳು," ಎಂದಳು. "ಇನ್ನೂ ಚೆನ್ನಾಗಿ ತಯಾರಾಗಿ ಬರ್ತಿದ್ದೆ."

ಮೆಟ್ಟಿಲ ಕೆಳಗೆ ಮೇಷ್ಟ್ರು ಕಾಯುತ್ತಿದ್ದರು. ಟೈ ಸಡಿಲಿಸಿದ್ದರು.

"ತಂಗಿ, ಅಣ್ಣನಿಗೆ ಹೀಗೆ ಮಾಡಬಹುದಾ?"

"ಹಾಳೇಲಿ ಇದ್ದದ್ದೇ ನಡೆದದ್ದು, ಸರ್," ಎಂದು ಅವಳು ಬೀದಿಗೆ ಇಳಿದಳು.

ಎರಡನೆಯ ವರದಿಯನ್ನು ಒಡತಿಯೇ ಬರೆದರು. ಸೂಜಿಯ ಕೆಲಸ ಕಾಯಂ ಆಯಿತು. ಹೊಸ ಶಾಖೆ ಬೇರೊಬ್ಬರ ಪಾಲಾಯಿತು. ಮೇಷ್ಟ್ರ ಹಿರಿತನ ಹೋಯಿತು, ನೌಕರಿ ಹೋಗಲಿಲ್ಲ. ಫೋನಿನಲ್ಲಿ ಇದನ್ನು ಕೇಳಿದ ಅತ್ತೆಗೆ ನಿರಾಸೆಯಾಯಿತು. ತೆಗೆದುಹಾಕಲಿಲ್ಲವಾ, ಬರೀ ಅಷ್ಟೇನಾ ಎಂದು ಎರಡೆರಡು ಸಲ ಕೇಳಿದಳು. ದೊಡ್ಡಪ್ಪನಿಗೆ ಮಾತ್ರ ಅಂದೇ ಸಂಜೆ, ಮನೆಗೆ ಹೋಗಿ, ಎದುರಿಗೆ ಕೂತು, ಮೂರು ತಿಂಗಳಾಗಿ ಎಷ್ಟು ದಿನವಾಯಿತೆಂದು ಎಣಿಸಿ ಹೇಳಿ ಬಂದಳು.

ಇದೆಲ್ಲ ನಡೆದು ಹನ್ನೊಂದು ವರ್ಷವಾಯಿತು. ಒಡತಿಗೆ ಕಾಲು ಬಾರದಾದ ಮೇಲೆ ತರಗತಿಗಳ ಹಿಂದಿನ ಕುರ್ಚಿ ಸೂಜಿಯದಾಗಿದೆ. ಅಧಿಕಾರ ಕೈಗೆ ಬಂದ ದಿನ, ಮೇಷ್ಟ್ರನ್ನು ಈಗ ಮನೆಗೆ ಕಳಿಸುತ್ತೀರಾ ಎಂದು ಗುಮಾಸ್ತೆ ಕೇಳಿದಳು. ಇಲ್ಲವೆಂದಳು ಸೂಜಿ. ಕಳಿಸಿದರೆ ಅಲ್ಲಿಗೆ ಮುಗಿದುಹೋಗುತ್ತಿತ್ತು. ಬದಲಿಗೆ ಬೆಳಗಿನ ಆರೂವರೆಯ ತರಗತಿಯನ್ನು ಅವರಿಗೇ ಕೊಟ್ಟಳು. ಪಾಠಯೋಜನೆಗಳನ್ನು ಅವರು ತಮ್ಮ ಕೈಬರಹದಲ್ಲೇ ಬರೆಯಬೇಕೆಂದಳು. ಒಡತಿಯ ಹಾಗೆ ಅವಳು ಒಂಬತ್ತಕ್ಕೆ ಬರುವವಳಲ್ಲ. ವಾರಕ್ಕೆರಡು ಸಲ ಆರೂ ಇಪ್ಪತ್ತೈದಕ್ಕೆ ಹೋಗಿ, ಹಾಳೆ ತೆಗೆದುಕೊಂಡು, ಕೆಂಪು ಪೆನ್ನು ಬಿಚ್ಚಿ ಕೂರುತ್ತಾಳೆ. ಪ್ರತಿ ಸೋಮವಾರ ಮೇಷ್ಟ್ರು ವಾರದ ಹಾಳೆಗಳನ್ನು ಹಿಡಿದು ಅವಳ ಮೇಜಿನ ಮುಂದೆ ನಿಂತು ಸಹಿಗೆ ಕಾಯುತ್ತಾರೆ. ಅವಳು ಪ್ರತಿ ಸಾಲನ್ನೂ ಓದುತ್ತಾಳೆ. ಎದುರಿಗೆ ಕುರ್ಚಿಯಿದೆ. ಕೂರಿ ಎಂದು ಈವರೆಗೆ ಹೇಳಿಲ್ಲ.

ಮೊದಲೆರಡು ವರ್ಷ ಕೆಂಪು ಗೆರೆ ಎಳೆದು ಎಳೆದು ಅವಳ ಪೆನ್ನು ಬರಿದಾಗುತ್ತಿತ್ತು. ಆಮೇಲೆ ಗೆರೆ ಕಡಿಮೆಯಾದವು. ಗೆರೆಗೆ ಹೆದರಿ ಮೇಷ್ಟ್ರು ಹೆಸರುಗಳನ್ನು ಬಾಯಿಪಾಠ ಮಾಡಿದರು. ಬಾಯಿಪಾಠವಾದ ಮೇಲೆ ಒಂದು ನೋಟ್‌ಬುಕ್ಕು ಇಟ್ಟರು, ಒಬ್ಬೊಬ್ಬರಿಗೆ ಒಂದೊಂದು ಪುಟ. ಈಗ ಯಾರ ಮಗಳಿಗೆ ಹಲ್ಲುನೋವು, ಯಾರಿಗೆ ಯಾವ ಸಂದರ್ಶನ ಎಂದು ಅವರಿಗೆ ಗೊತ್ತು. ಕಳೆದ ತಿಂಗಳು ವಿದ್ಯಾರ್ಥಿಗಳು ಒಟ್ಟಾಗಿ ಒಂದು ಕಾಗದ ಬರೆದು ತಂದುಕೊಟ್ಟರು. ಇಂಥ ಮೇಷ್ಟ್ರು ಇನ್ನೆಲ್ಲೂ ಸಿಗುವುದಿಲ್ಲವೆಂದು ಅದರಲ್ಲಿತ್ತು.

ಸೂಜಿ ಆ ಕಾಗದವನ್ನು ಎರಡು ಸಲ ಓದಿದಳು. ಮೇಷ್ಟ್ರಿಗೆ ತೋರಿಸಲಿಲ್ಲ. ಮೇಜಿನ ಕೆಳಗಿನ ಡ್ರಾಯರಿನಲ್ಲಿಟ್ಟು ಬೀಗ ಹಾಕಿದಳು. ಸಂಜೆ ಅತ್ತೆಗೆ ಫೋನು ಮಾಡಿ, ಕಾಗದ ಬಂದದ್ದನ್ನೂ ಬೀಗ ಹಾಕಿದ್ದನ್ನೂ ಹೇಳಿ, ನಾನು ಕೊಟ್ಟ ಶಿಕ್ಷೆಯಿಂದ ಆ ಮನುಷ್ಯ ಒಳ್ಳೆಯ ಮೇಷ್ಟ್ರಾಗಿಬಿಟ್ಟ, ಇದಕ್ಕೇನು ಮಾಡಲಿ ಎಂದು ಕೇಳಿದಳು. ಎಂಬತ್ತು ದಾಟಿದ ಅತ್ತೆ, ಅವನು ಆ ಕಾಗದ ನೋಡಿಲ್ಲ ತಾನೇ ಎಂದು ಮೊದಲು ಖಚಿತಪಡಿಸಿಕೊಂಡಳು.

"ಬೀಗದ ಕೈ ಎಲ್ಲಿಟ್ಟಿದೀಯ?" ಎಂದು ಕೇಳಿದಳು.